ಗುಂಡಿಗೆ ಅಡ್ಡವಿದ್ದ ಕುರ್ಚಿ

ಆಟದ ಮೈದಾನಗಳ ಉಸ್ತುವಾರಿ ಹೊತ್ತ ಅಧಿಕಾರಿಗಳೇ,

ನಮ್ಮ ಬಡಾವಣೆಯ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ, ಬುಟ್ಟಿಯ ಕಂಬದ ಹಿಂದೆ, ನೀವು ತೋಡಿಸಿದ ಮಳೆನೀರಿನ ಗುಂಡಿಯೊಂದಿದೆ. ಒಂದಾಳು ಆಳ. ಮುಚ್ಚಳ ಒಡೆದು ಹತ್ತು ತಿಂಗಳಾಯಿತು. ಕಳೆದ ತಿಂಗಳು ಅದರೊಳಗೆ ಎಂಟು ವರ್ಷದ ಹುಡುಗಿ ಬಿದ್ದಳು. ಅದಕ್ಕೆ ನಿಮ್ಮ ಕಚೇರಿಯ ಉತ್ತರ: "ಮಕ್ಕಳು ಸುತ್ತಮುತ್ತ ನೋಡಿಕೊಂಡು ಆಡತಕ್ಕದ್ದು." ಇಷ್ಟು ಕಾಳಜಿ ಇರುವ ಕಚೇರಿಗೆ ಒಂದು ಮುಚ್ಚಳ ಭಾರವಾಯಿತೇ?

ಆ ಮಕ್ಕಳಿಗೆ ಆಟ ಕಲಿಸುವವಳು ನಾನು. ತಡೆಯುವ ಆಟವೆಂದರೇನೆಂದು ತಮಗೆ ಯಾರೂ ಹೇಳಿದಂತಿಲ್ಲ. ಚೆಂಡು ಹಿಡಿದವಳು ಬುಟ್ಟಿಯತ್ತ ನುಗ್ಗುತ್ತಾಳೆ. ತಡೆಯುವವಳು ಮೊಣಕಾಲು ಬಗ್ಗಿಸಿ, ಕೈ ಚಾಚಿ, ಹಿಂದಕ್ಕೆ ಸರಿಯುತ್ತಲೇ ಅಡ್ಡ ನಿಲ್ಲಬೇಕು. ಕಣ್ಣು ಮಾತ್ರ ಎದುರಿನವಳ ಸೊಂಟದ ಮೇಲೆ. ಹಿಂದೆ ತಿರುಗಿದರೆ ಅವಳು ದಾಟಿ ಹೋದಳೆಂದೇ ಲೆಕ್ಕ. ಚಿಕ್ಕ ಮಕ್ಕಳಿಗೆ ತಿರುಗಿ ನೋಡುವ ಚಪಲ ಹೆಚ್ಚು. ಅದನ್ನು ಬಿಡಿಸಲು ನನಗೆ ಆರು ತಿಂಗಳು ಹಿಡಿಯಿತು. ಹಾಗಾದರೆ ಅವರ ಬೆನ್ನ ಹಿಂದಿನ ನೆಲವನ್ನು ನೋಡಿಕೊಳ್ಳಬೇಕಾದವರು ಯಾರು ಸ್ವಾಮಿ?

ಮೂರು ಅರ್ಜಿ ಕೊಟ್ಟೆ. ಮುಚ್ಚಳ ಬರಲಿಲ್ಲ. ಕೊನೆಗೆ ಮನೆಯ ಕಬ್ಬಿಣದ ಕುರ್ಚಿ ತಂದು ಗುಂಡಿಗೆ ಅಡ್ಡ ಇಟ್ಟೆ. ಬೆನ್ನಿಗೆ ಕುರ್ಚಿ ತಗುಲಿದರೆ ಮಕ್ಕಳು ನಿಲ್ಲುತ್ತಿದ್ದರು. ಆ ಹುಡುಗಿ ಬಿದ್ದ ದಿನ ಸಂಜೆ ತಮ್ಮ ನೌಕರರೊಬ್ಬರು ಪರಿಶೀಲನೆಗೆಂದು ಬಂದು, "ಉಕ್ಕಾರ ಏದಾವದು ಇರುಕ್ಕಾಮ್ಮಾ?" ಎಂದು ತಮಿಳಿನಲ್ಲಿ ಕೂರಲು ಏನಾದರೂ ಕೇಳಿದರು. ಬಂದವರನ್ನು ನಿಲ್ಲಿಸಿಯೇ ಮಾತಾಡಿಸುವ ರೂಢಿ ನಮ್ಮ ಮನೆಯಲ್ಲಿಲ್ಲ. ಅಲ್ಲಿದ್ದದ್ದು ಅದೊಂದೇ ಕುರ್ಚಿ. ಎಳೆದು, ಸೆರಗಿನಿಂದ ಒರೆಸಿ, ಮರದಡಿ ಹಾಕಿದೆ. ಕಾಫಿಯನ್ನೂ ತರಿಸಿದೆ. ಅವರು ಅದರ ಮೇಲೆ ಕೂತು "ಅಪಾಯ ಕಂಡುಬಂದಿಲ್ಲ" ಎಂದು ಬರೆದುಕೊಂಡು ಹೋದರು. ಕುರ್ಚಿಯನ್ನು ಮತ್ತೆ ಅಡ್ಡ ಇಡಲು ನಾನು ಮರೆತೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

ಅವರು ಹೋದ ಹತ್ತು ನಿಮಿಷದಲ್ಲಿ, ಹಿಂದಕ್ಕೆ ಸರಿಯುತ್ತಾ ಪ್ರಣಮ್ಯಾ ಆ ಗುಂಡಿಗೆ ಬಿದ್ದಳು. ಸೊಂಟದ ಮೂಳೆ ಮುರಿದಿದೆ. ಇನ್ನು ಓಡುವುದು ಅನುಮಾನವೆಂದರು ವೈದ್ಯರು. ಅವಳ ತಂದೆ ಜಯಪ್ರಕಾಶ್ ಟ್ರಿಪ್ಲಿಕೇನ್‌ನ ಹೋಟೆಲೊಂದರಲ್ಲಿ ದೋಸೆ ಹುಯ್ಯುವವರು. ಕೆಲಸದ ಬಟ್ಟೆಯಲ್ಲೇ ಆಸ್ಪತ್ರೆಗೆ ಓಡಿ ಬಂದಿದ್ದರು.

"ಟೀಚರ್, ಅವಳು ನೀವು ಹೇಳಿಕೊಟ್ಟ ಹಾಗೇ ಮಾಡಿದ್ದಲ್ವಾ? ತಪ್ಪು ಏನೂ ಮಾಡ್ಲಿಲ್ಲ ಅಲ್ವಾ?"

ಅದು ದೂರಲ್ಲ, ನಿಜಕ್ಕೂ ಕೇಳಿದರು. ಹೌದೆಂದೆ. ಮನೆಯ ಕನ್ನಡಕ್ಕೂ ತಮಿಳಿನಲ್ಲೇ ಉತ್ತರಿಸುವ ಮಗು ಹಾಸಿಗೆಯಿಂದ ಹೇಳಿತು: "ಮಿಸ್, ನಾನ್ ತಿರುಂಬಿ ಪಾಕ್ಕವೇ ಇಲ್ಲೆ." ತಿರುಗಿ ನೋಡಲೇ ಇಲ್ಲವಂತೆ. ಹೇಳಿ, ನನ್ನ ಮೆಚ್ಚುಗೆಗೆ ಕಾದಳು. ಶಭಾಸ್ ಎಂದೆ. ಆ ಮಾತು ಇನ್ನೂ ನನ್ನನ್ನು ಸುಡುತ್ತಿದೆ.

ನನ್ನ ಪಾಲಿನ ತಪ್ಪನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಒಪ್ಪಿದ್ದೇನೆ. ತಮ್ಮ ಪಾಲಿನದನ್ನು ಬರಹದಲ್ಲಿ ಒಪ್ಪಿ, ಆ ವರದಿಯನ್ನು ಹಿಂಪಡೆಯಿರಿ. ಈ ವಾರದೊಳಗೆ ಗುಂಡಿಗೆ ಮುಚ್ಚಳ ಹಾಕಿಸಿ, ಪರಿಶೀಲನೆಗೆ ತಾವೇ ಬನ್ನಿ. ಕೂರಲು ಕುರ್ಚಿ ಕೊಡುವುದಿಲ್ಲ.

ಇಂತಿ,
ತಿರುಗಿ ನೋಡಬೇಡಿರೆಂದು ಕಲಿಸಿ, ತಾನೂ ನೋಡದೆ ಹೋದ
ಜಯಲಕ್ಷ್ಮೀ
ಚೆನ್ನೈ