ಲಾರಿಯಿಲ್ಲದ ಡ್ರೈವರಿಗೆ

ಆಸ್ಪತ್ರೆ, ಮೂರನೇ ವಾರ್ಡು
ಮಂಗಳವಾರ, ಹನ್ನೆರಡನೇ ತಾರೀಖು

ಪ್ರೀತಿಯ ನಮ್ಮ ಮನೆಯವರಿಗೆ,

ಸೊಂಟನೋವು ಹೇಗಿದೆ? ಮುಲಾಮು ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲಾ ಚೀಲದ ತಳದಲ್ಲೇ ಬಿದ್ದಿದೆಯಾ? ನಾನು, ಮಗಳು ಗಟ್ಟಿಯಾಗಿದ್ದೇವೆ. ಮಾವನವರ ವಿಷಯಕ್ಕೆ ಬರುತ್ತೇನೆ. ಮೊದಲು ನಿಮ್ಮನ್ನು ಬೈಯದಿದ್ದರೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ನಿಮ್ಮ ಶಿಬಿರದಲ್ಲಿ ಫೋನು ಕಿತ್ತಿಟ್ಟುಕೊಂಡಿದ್ದಾರೆ, ಇಲ್ಲದಿದ್ದರೆ ಇಷ್ಟನ್ನೂ ನೇರ ಕಿವಿಗೇ ಊದುತ್ತಿದ್ದೆ.

ನಿಮ್ಮ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ಯುದ್ಧಕ್ಕೆ ಸರಕು ಸಾಗಿಸಲು ಡ್ರೈವರುಗಳು ಸಾಲದು ಎಂದು ಮೀಸಲು ಪಡೆಯವರನ್ನೆಲ್ಲ ಎಳೆದುಕೊಂಡು ಹೋದರು. ಹೋದವರು ಎರಡು ತಿಂಗಳಿಂದ ಉಗ್ರಾಣದಲ್ಲಿ ಕಂಬಳಿ ಮಡಚುತ್ತಿದ್ದೀರಂತೆ, ಲಾರಿಗಳೇ ಬಂದಿಲ್ಲವಂತೆ. ಅಲ್ಲಿ ಲಾರಿಯಿಲ್ಲದ ಡ್ರೈವರು, ಇಲ್ಲಿ ಡ್ರೈವರಿಲ್ಲದ ಆಂಬುಲೆನ್ಸು. ಈ ಆಸ್ಪತ್ರೆಗೆ ಇದ್ದವರೇ ಇಬ್ಬರು, ನೀವು ಮತ್ತು ಡುಮ್ಮಣ್ಣ. ಒಬ್ಬರಾದರೂ ಹೊರಗುಳಿಯಿರಿ ಎಂದು ಆಗಲೇ ಬಡಕೊಂಡೆ. ವರ್ಷಕ್ಕೆ ಹದಿನೈದು ದಿನ ಶಿಬಿರ, ಇಸ್ಪೀಟಿಗೆ ಜೊತೆ, ಹೆಂಡತಿಯರ ಕಾಟವಿಲ್ಲ ಎಂದು ಇಬ್ಬರೂ ಒಂದೇ ದಿನ ಮೀಸಲು ಪಡೆಗೆ ಹೆಸರು ಬರೆಸಿ ಬಂದಿರಿ. ಒಂದಲ್ಲ ಒಂದು ದಿನ ನಿಜವಾಗಿ ಕರೆಯುತ್ತಾರೆ, ಕರೆದರೆ ಇಬ್ಬರನ್ನೂ ಕರೆಯುತ್ತಾರೆ ಎನ್ನುವುದು ಯಾರ ತಲೆಗೂ ಹೊಳೆಯಲಿಲ್ಲ.

ಹೋದ ಗುರುವಾರ ಬೆಳಿಗ್ಗೆ ಮಾವನವರು ಹಲ್ಲುಜ್ಜುತ್ತ ಕುಸಿದರು. ಬಾಯಿ ಸೊಟ್ಟಗಾಯಿತು. ಆಸ್ಪತ್ರೆಗೆ ಫೋನ್ ಮಾಡಿದರೆ, "ಗಾಡಿ ಇದೆ, ಓಡಿಸೋರಿಲ್ಲಮ್ಮ" ಅಂದರು. ಹಾಲಿನ ವ್ಯಾನಿನವನ ಕೈಕಾಲು ಹಿಡಿದು ಕರೆತರುವಷ್ಟರಲ್ಲಿ ಒಂದೂವರೆ ಗಂಟೆ. ಕ್ಯಾನುಗಳ ನಡುವೆ ಮಲಗಿಸಿ ತಂದೆವು. ಬೇಗ ತಂದಿದ್ದರೆ ಬಲಗೈ ಸ್ವಾಧೀನ ಉಳಿಯುತ್ತಿತ್ತು ಎಂದರು ಡಾಕ್ಟರು. ಮೀಸಲು ಪಡೆಯ ಕಚೇರಿಗೆ ಹೋಗಿ ಕೂಗಾಡಿದೆ. ಸೈನ್ಯದ ಕೊರತೆ ತುಂಬಬೇಕಲ್ಲ ಎಂದ ಗುಮಾಸ್ತ. ಊರಿನ ಕೊರತೆ ಯಾರಪ್ಪ ತುಂಬುತ್ತಾರೆ ಎಂದರೆ, ಅದು ಅವನ ವಿಭಾಗಕ್ಕೆ ಬರುವುದಿಲ್ಲವಂತೆ.

ಇಷ್ಟಾದ ಮೇಲೆ ನಿಮ್ಮ ಕಾಗದದ ಕೊನೇ ಸಾಲು: ಇನ್ನೊಂದು ವರ್ಷ ಇರಲು ಒಪ್ಪಿಗೆ ಕೇಳಿದ್ದಾರೆ, ಡುಮ್ಮಣ್ಣ ಸಹಿ ಹಾಕಿದ, ನಾನೂ ಯೋಚಿಸುತ್ತಿದ್ದೇನೆ. ಯೋಚಿಸಿ. ಕಂಬಳಿ ಮಡಚುವವರಿಗೆ ಪುರುಸೊತ್ತಿಗೇನು ಬರ.

ಮಗಳು ಮುತ್ತು ಕಳಿಸಿದ್ದಾಳೆ. ನನ್ನಿಂದ ಈ ಸಲ ಬೈಗುಳವೇ. ಹೊತ್ತುಹೊತ್ತಿಗೆ ಉಣ್ಣಿ.

ನಿಮ್ಮ
ಇವಳು

ತಾ.ಕ.: ಅಂಚೆ ಹೊರಡುತ್ತಿದೆ. ಮಾವನವರ ಮಂಚದಿಂದ ಅಂಗಳದಲ್ಲಿ ನಿಂತ ಆಂಬುಲೆನ್ಸು ಕಾಣುತ್ತದೆ. "ಗಾಡಿ ಇಲ್ಲೇ ಇದೆಯಲ್ಲ, ಅವನೆಲ್ಲಿ?" ಎಂದು ತೊದಲುತ್ತ ಕೇಳುತ್ತಾರೆ. ಟೀ ಕುಡಿಯೋಕೆ ಹೋಗಿದ್ದಾರೆ, ಈಗ ಬರ್ತಾರೆ ಎಂದು ಐದು ದಿನದಿಂದ ಸುಳ್ಳು ಹೇಳುತ್ತಿದ್ದೇನೆ. ಆ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಬೇಡಿ. ಹಾಕಿಬಿಟ್ಟಿದ್ದರೆ ಮಾವನವರಿಗೆ ನೀವೇ ಬರೆದು ತಿಳಿಸಿ. ನಾನು ಹೇಳುವುದಿಲ್ಲ.