ಉಪ್ಪುನೀರು ತುಂಬಿದ ಸೀಸೆಗಳು

ಬಾಹ್ಯಾಕಾಶದ ಸರಕು ನೌಕೆಯಿಂದ,
ಯಾನದ ೨೧೨ನೆಯ ದಿನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಿನ್ನ ಮೂರು ಪತ್ರಗಳೂ ತಲುಪಿವೆ. ಮೂರನೆಯದರಲ್ಲಿ "ಬದುಕಿದ್ದೀಯೋ ಇಲ್ಲವೋ, ಅಷ್ಟಾದರೂ ಬರಿ ಮಾರಾಯ್ತಿ, ಮಿಕ್ಕಿದ್ದು ನಾನೇ ಊಹಿಸ್ಕೋತೀನಿ" ಎಂದು ಬೈದಿದ್ದೀಯ. ಬದುಕಿದ್ದೇನೆ. ಮಿಕ್ಕಿದ್ದನ್ನು ಊಹಿಸುವುದು ನಿನ್ನಿಂದ ಆಗದು, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿಂದ ನಿನ್ನ ಮನೆಗೆ ಪತ್ರ ತಲುಪಲು ಇಪ್ಪತ್ತು ನಿಮಿಷ ಸಾಕು. ಹಾಗಾಗಿ ದೂರದ ನೆಪ ಹೇಳುವಂತಿಲ್ಲ. ನಾಲ್ಕು ತಿಂಗಳು ಬರೆಯದಿದ್ದದ್ದು ಹೇಡಿತನದಿಂದ. ಕ್ಷಮಿಸು.

ನಿನ್ನ ಮಂಡಿನೋವು ಹೇಗಿದೆ? ಹೊಸ ಹೊಲಿಗೆ ಮೆಷಿನ್ನು ಹಳೆಯದರಷ್ಟು ಮಾತು ಕೇಳುವುದಿಲ್ಲ ಎಂದು ಬರೆದಿದ್ದೆ, ಈಗಲಾದರೂ ಪಳಗಿತೇ? ಪುಟ್ಟಿಯ ಮಗುವಿಗೆ ಹಲ್ಲು ಬಂದ ಸುದ್ದಿ ಓದಿ ಒಬ್ಬಳೇ ಕೂತು ನಕ್ಕೆ. ಅಜ್ಜಿಯಾದ ನಿನ್ನ ಬೆರಳನ್ನೇ ಮೊದಲು ಕಚ್ಚಿತಂತೆ, ಬುದ್ಧಿವಂತ ಮಗು.

ಅಂಗಡಿಗೆ ಬಂದವರ ಹತ್ತಿರವೆಲ್ಲ, ಅಳತೆ ತೆಗೆಯುತ್ತಲೇ, "ನನ್ನ ತಂಗಿ ನೌಕೇಲಿ ಉಪನಾಯಕಿ" ಎನ್ನುತ್ತೀಯಲ್ಲ, ಇನ್ನು ಹಾಗೆ ಹೇಳಬೇಡ. ನನ್ನ ಭುಜದ ಪಟ್ಟಿಗಳನ್ನು ಕ್ಯಾಪ್ಟನ್ ತೆಗೆದುಕೊಂಡಿದ್ದಾರೆ. ಈಗ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಗಾಳಿಯ ಜಾಲರಿಗಳನ್ನು ತೊಳೆಯುತ್ತೇನೆ. ಹನ್ನೊಂದು ಜನರ ಕೂದಲು, ಧೂಳು, ಬಟ್ಟೆಯ ನಾರು ಎಲ್ಲ ಅಲ್ಲೇ ಬಂದು ಸೇರುತ್ತದೆ. ಆ ಕೆಲಸದ ಬಗ್ಗೆ ದೂರಿಲ್ಲ.

ಎರಡು ವರ್ಷದ ಹಿಂದೆ ಸರಕು ಇಳಿಸುವಾಗ ಬಿದ್ದು ಬೆನ್ನುಮೂಳೆ ಬಿರುಕು ಬಿಟ್ಟದ್ದು ನಿನಗೆ ಗೊತ್ತು. ನೋವಿಗೆಂದು ಇಂಜೆಕ್ಷನ್ ಕೊಟ್ಟರು. ಮೂರು ತಿಂಗಳಿಗೆ ನೋವು ಹೋಯಿತು, ಔಷಧಿ ಮಾತ್ರ ಹೋಗಲಿಲ್ಲ. ಅದಿಲ್ಲದ ದಿನ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು. ತೆಗೆದುಕೊಂಡ ದಿನ ಎಲ್ಲವೂ ಸರಿ, ಎಲ್ಲರೂ ಒಳ್ಳೆಯವರು, ನಾನೂ ಒಳ್ಳೆಯವಳು.

ನಮ್ಮ ನೌಕೆಯ ಔಷಧಿ ಬೀರುವಿಗೆ ಎರಡು ಬೀಗ. ಒಂದರ ಕೀಲಿ ಡಾಕ್ಟರಮ್ಮನ ಹತ್ತಿರ, ಇನ್ನೊಂದರದು ಉಪನಾಯಕಿಯ ಹತ್ತಿರ. ವಾರಕ್ಕೊಮ್ಮೆ ಇಬ್ಬರೂ ಕೂಡಿ ಸೀಸೆಗಳನ್ನು ಎಣಿಸಬೇಕು. ಡಾಕ್ಟರಮ್ಮನಿಗೆ ಅರವತ್ತು ದಾಟಿದೆ, ಕಣ್ಣಿಗೆ ಪೊರೆ. "ನೀವೇ ಎಣಿಸಿಬಿಡಿ ತಾಯಿ, ನಿಮ್ಮ ಮೇಲೆ ನನಗೆ ಅನುಮಾನವಾ?" ಎಂದು ತಮ್ಮ ಕೀಲಿಯನ್ನೂ ನನ್ನ ಕೈಗೆ ಕೊಡುತ್ತಿದ್ದರು. ನಾನು ಎಣಿಸುತ್ತಿದ್ದೆ. ಎಣಿಕೆ ಒಂದು ಸಲವೂ ತಪ್ಪಲಿಲ್ಲ. ಖಾಲಿ ಮಾಡಿದ ಸೀಸೆಗಳಲ್ಲಿ ಉಪ್ಪುನೀರು ತುಂಬಿಸಿ ಮತ್ತೆ ಅದೇ ಸಾಲಿನಲ್ಲಿ ಇಡುತ್ತಿದ್ದೆ.

೧೭೧ನೆಯ ದಿನ ಬೆಳಿಗ್ಗೆ ನನ್ನ ಪಾಳಿ. ತಿಂಡಿಗೆ ಮೊದಲೇ ತೆಗೆದುಕೊಂಡಿದ್ದೆ. ಎಂಜಿನ್ ತಣಿಸುವ ಕೊಳವೆಯ ರಿಪೇರಿಗೆಂದು ನಮ್ಮ ಫಿಟ್ಟರ್ ಪಂಪಿನ ಕೋಣೆಗೆ ಇಳಿದಿದ್ದ. ಅವನನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. ಆರಡಿ ಆಳು, ಬಾಗಿಲಲ್ಲಿ ಬಗ್ಗದೆ ಬರಲಾರ, ಅದಕ್ಕೇ ಆ ಹೆಸರು. ಅವನ ಇಬ್ಬರು ಹೆಣ್ಣುಮಕ್ಕಳು ಕಳಿಸುವ ಪತ್ರಗಳನ್ನು ಊಟದ ಕೋಣೆಯಲ್ಲಿ ಗಟ್ಟಿಯಾಗಿ ಓದಿ ನಮ್ಮ ತಲೆ ತಿನ್ನುತ್ತಾನೆ.

ಸ್ಪೀಕರಿನಲ್ಲಿ ಅವನ ದನಿ ಬಂತು. "ಮೇಡಂ, ನಾನಿನ್ನೂ ಒಳಗೇ ಇದೀನಿ. ವಾಲ್ವ್ ತೆಗೀಬೇಡಿ."

"ಸರಿ" ಎಂದೆ. ಎಂದು ವಾಲ್ವ್ ತೆಗೆದೆ.

ಕೇಳಿಸಲಿಲ್ಲ ಎಂದರೆ ಸುಳ್ಳಾಗುತ್ತದೆ ಅಕ್ಕ. ಕೇಳಿಸಿತ್ತು, ಆದರೆ ಪಕ್ಕದ ಮನೆಯಲ್ಲಿ ಯಾರೋ ಯಾರಿಗೋ ಹೇಳಿದಂತೆ. ಕುದಿಯುವ ನೀರು ಅವನ ಎಡಗೈ, ಪಕ್ಕೆ, ಕುತ್ತಿಗೆ, ಅರ್ಧ ಮುಖದ ಮೇಲೆ ಬಿತ್ತು. ಕ್ಯಾಪ್ಟನ್ ಓಡಿಬಂದು ನನ್ನನ್ನು ಕುರ್ಚಿಯಿಂದ ತಳ್ಳಿ ವಾಲ್ವ್ ಮುಚ್ಚಿದರು. ಇನ್ನು ನಾಲ್ಕು ನಿಮಿಷ ತಡವಾಗಿದ್ದರೆ ತಣಿಸುವ ನೀರೆಲ್ಲ ಸೋರಿ ಎಂಜಿನ್ ಸುಟ್ಟು, ನಡುದಾರಿಯಲ್ಲಿ ಹನ್ನೊಂದು ಹೆಣ.

ಗುಬ್ಬಿಯನ್ನು ಮಂಚದ ಮೇಲೆ ಮಲಗಿಸಿದೆವು. ಡಾಕ್ಟರಮ್ಮ ಒಂದು ಸೀಸೆಯಿಂದ ಸೂಜಿಗೆ ಎಳೆದು ಚುಚ್ಚಿದರು. ಅವನ ಕೂಗು ನಿಲ್ಲಲಿಲ್ಲ. ಇನ್ನೊಂದು. ಮತ್ತೊಂದು. "ಈ ಔಷಧಿಗೆ ಏನು ಬಂತು? ಇಷ್ಟು ಕೊಟ್ಟರೆ ಎತ್ತೂ ಮಲಗುತ್ತೆ!" ಎಂದು ಅವರು ಅಳುವ ದನಿಯಲ್ಲಿ ಕೇಳಿದರು. ಸುಟ್ಟ ಬಟ್ಟೆಯನ್ನು ಚರ್ಮದಿಂದ ಬಿಡಿಸಲೇಬೇಕಿತ್ತು. ನಾನು ಅವನ ಕಾಲುಗಳನ್ನು ಒತ್ತಿ ಹಿಡಿದಿದ್ದೆ. ಆ ಸೀಸೆಗಳಲ್ಲಿ ಏನಿದೆಯೆಂದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನನ್ನ ಕೋಣೆಯ ಬೂಟಿನೊಳಗೆ ಒಂದು ನಿಜವಾದ ಸೀಸೆ ಇದೆಯೆಂಬುದೂ.

ಅದನ್ನು ತರಲು ನನಗೆ ಎರಡು ಗಂಟೆ ಹಿಡಿಯಿತು. ಕೋಣೆ ಇದ್ದದ್ದು ಮೂವತ್ತು ಹೆಜ್ಜೆ ದೂರದಲ್ಲಿ. ಸಿಕ್ಕಿಬೀಳದಂತೆ ಹೇಗೆ ತರಲಿ ಎಂದು ಯೋಚಿಸುತ್ತಿದ್ದೆ. ಅದು ನನ್ನ ನಾಳೆಯ ಪಾಲು ಎಂಬ ಯೋಚನೆಯೂ ಬಂದಿತ್ತು. ಕೊನೆಗೆ "ಹಳೇ ಪೆಟ್ಟಿಗೇಲಿ ಒಂದು ಸಿಕ್ಕಿತು" ಎಂದು ತಂದುಕೊಟ್ಟೆ. ಐದು ನಿಮಿಷಕ್ಕೆ ಗುಬ್ಬಿ ಮಲಗಿದ. ಅವನ ಎಡಗೈಯ ಮೂರು ಬೆರಳು ಮಾತ್ರ ಉಳಿಯಲಿಲ್ಲ.

ಮರುದಿನ ಸೀಸೆಗಳನ್ನು ಪರೀಕ್ಷೆ ಮಾಡಿದರು. ಎಲ್ಲದರಲ್ಲೂ ಉಪ್ಪುನೀರು. ಕ್ಯಾಪ್ಟನ್ನಿಗೆ ಡಾಕ್ಟರಮ್ಮನ ಮೇಲೆ ಅನುಮಾನ ಹುಟ್ಟಿತು. ಅವರ ಕೋಣೆ ಜಾಲಾಡಿಸಿದರು, ಕೀಲಿ ಕಿತ್ತುಕೊಂಡರು. ಆಕೆ ಊಟದ ಮೇಜಿಗೆ ಬಂದು ಕೂತರೆ ಪಕ್ಕದವರು ತಟ್ಟೆ ಎತ್ತಿಕೊಂಡು ಏಳುತ್ತಿದ್ದರು. ನಾನು ಏಳಲಿಲ್ಲ, ಆಕೆಯ ಎದುರಿಗೇ ಕೂತು ಊಟ ಮಾಡಿದೆ. "ನೀವೊಬ್ಬರಾದರೂ ನನ್ನ ನಂಬಿದೀರಲ್ಲ" ಎಂದರು. ಔಷಧಿಯಿಲ್ಲದೆ ಮೈಯೆಲ್ಲ ಇರುವೆ ಹರಿಯುತ್ತಿತ್ತು, ಆದರೂ ನಿಜ ಹೇಳಲಿಲ್ಲ. ಹೀಗೆ ನಾಲ್ಕು ದಿನ.

ಐದನೆಯ ದಿನ ಗುಬ್ಬಿ ನನ್ನನ್ನು ಕರೆಸಿದ. ಬ್ಯಾಂಡೇಜಿನ ನಡುವೆ ಒಂದು ಕಣ್ಣು, ಅರ್ಧ ಬಾಯಿ ಅಷ್ಟೇ ಕಾಣುತ್ತಿತ್ತು. "ನೀವು ಆ ಸೀಸೆ ಹುಡುಕಿ ತರದೇ ಇದ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ ಮೇಡಂ. ಮಕ್ಕಳಿಗೆ ಪತ್ರ ಬರೆಸಬೇಕು, ನಿಮ್ಮ ವಿಷಯಾನೂ ಬರೆಸ್ತೀನಿ. ನೀವೇ ಬರ್ಕೊಡ್ತೀರಾ?" ಎಂದ.

ಪೆನ್ನು ತೆಗೆದುಕೊಂಡೆ. "ಪ್ರೀತಿಯ ಮಕ್ಕಳೇ" ಎಂದು ಬರೆದೆ. ಮುಂದೆ ಕೈ ಓಡಲಿಲ್ಲ. ಅಲ್ಲಿಯೇ ಅವನಿಗೆ ಎಲ್ಲ ಹೇಳಿದೆ. ಅವನು ಆ ಒಂದು ಕಣ್ಣನ್ನು ಮುಚ್ಚಿಕೊಂಡ. ಅಲ್ಲಿಂದ ನೇರ ಕ್ಯಾಪ್ಟನ್ನಿನ ಹತ್ತಿರ ಹೋದೆ.

ಅವರು ಎಲ್ಲರನ್ನೂ ಊಟದ ಕೋಣೆಯಲ್ಲಿ ಸೇರಿಸಿ, "ನನ್ನ ಮುಂದೆ ಹೇಳಿದ್ದನ್ನ ಇವರ ಮುಂದೆನೂ ಹೇಳಿ. ಜೀವ ಇವರದೂ ಹೋಗ್ತಿತ್ತು" ಎಂದರು. ಹೇಳಿದೆ. ಬೆನ್ನುನೋವಿನಿಂದ ಶುರುಮಾಡಲು ಹೊರಟಾಗ ಅಡುಗೆಯಾಕೆ ತಡೆದಳು. "ಬೆನ್ನಿನ ಕಥೆ ಬಿಡಿ ಮೇಡಂ. ನನ್ನ ಬೆನ್ನೂ ನೋಯುತ್ತೆ. ಬೇಲಿನೇ ಎದ್ದು ಹೊಲ ಮೇಯ್ದರೆ ನಾವು ಯಾರನ್ನ ನಂಬೋದು?" ಬೆನ್ನು ಬಿಟ್ಟು ಸೀಸೆಗಳಿಂದ ಶುರುಮಾಡಿದೆ. ಡಾಕ್ಟರಮ್ಮ ಮಾತ್ರ ಎದ್ದು ನಿಂತು, "ಎಣಿಸಬೇಕಾದವಳು ನಾನು. ನನ್ನ ತಪ್ಪನ್ನೂ ಬರ್ಕೊಳ್ಳಿ" ಎಂದರು. ಆಕೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗುಬ್ಬಿಯನ್ನು ಗಾಲಿಕುರ್ಚಿಯಲ್ಲಿ ಕರೆತಂದಿದ್ದರು. ಕೊನೆಗೆ ಅವನು ಮಾತಾಡಿದ. "ವಾಲ್ವ್ ವಿಷಯ ಬಿಡ್ತೀನಿ ಮೇಡಂ. ಕೈ ತಪ್ಪುತ್ತೆ, ಮನುಷ್ಯರು. ಆದ್ರೆ ಆ ಎರಡು ಗಂಟೆ ನನ್ನ ಕಾಲು ಹಿಡ್ಕೊಂಡು ನಿಂತಿದ್ರಲ್ಲ, ಅದನ್ನ ಹೇಗೆ ಬಿಡಲಿ, ನೀವೇ ಹೇಳಿ."

ಆಮೇಲೆ ಒಂಬತ್ತು ದಿನ ನನ್ನನ್ನು ಕೋಣೆಯಲ್ಲಿ ಕೂಡಿಹಾಕಿದರು. ವಾಂತಿ, ಚಳಿ, ಗೋಡೆಗೆ ತಲೆ ಚಚ್ಚಿಕೊಂಡದ್ದು, ಅದೆಲ್ಲ ಬರೆಯುವುದು ಬೇಡ. ನೀರು ಕುಡಿಸಿ ಒರೆಸಿ ಬಟ್ಟೆ ಬದಲಾಯಿಸಿದವರು ಡಾಕ್ಟರಮ್ಮ. ಮಾತು ಮಾತ್ರ ಒಂದೂ ಆಡಲಿಲ್ಲ. ಈಗ ಮೈ ಹಗುರವಾಗಿದೆ, ಕೈ ನಡುಗುವುದು ಕಡಿಮೆ. ಗುಬ್ಬಿ ಬಲಗೈಯಲ್ಲಿ ಸ್ಪ್ಯಾನರ್ ಹಿಡಿಯುವಷ್ಟು ಸುಧಾರಿಸಿದ್ದಾನೆ. ಎದುರು ಸಿಕ್ಕರೆ ಗೋಡೆಗೆ ಒರಗಿ ದಾರಿ ಬಿಡುತ್ತಾನೆ, ಮುಖ ನೋಡುವುದಿಲ್ಲ.

ಇಳಿದ ಕೂಡಲೇ ವಿಚಾರಣೆ. ಜೈಲಾಗುತ್ತದೆ, ಎಷ್ಟು ವರ್ಷವೋ ತಿಳಿಯದು. ವಕೀಲರನ್ನು ಹುಡುಕಲು ಓಡಾಡಬೇಡ. ಕೆಲಸದ ಒತ್ತಡ ಎಂದೋ ಪಾಪದ ಹುಡುಗಿ ಎಂದೋ ಯಾರ ಹತ್ತಿರವೂ ಹೇಳಬೇಡ. ಎಲ್ಲವನ್ನೂ ಒಪ್ಪಿಕೊಳ್ಳುತ್ತೇನೆಂದು ನಿರ್ಧರಿಸಿದ್ದೇನೆ.

ಪುಟ್ಟಿಗೆ, ಅವಳ ಮಗುವಿಗೆ ನನ್ನ ಆಶೀರ್ವಾದ. ನನ್ನ ಆಶೀರ್ವಾದಕ್ಕೆ ಈಗ ಎಷ್ಟು ಬೆಲೆಯೋ ಕಾಣೆ, ಆದರೂ ಮಗು ಆರೋಗ್ಯವಾಗಿ ಬೆಳೆಯಲಿ. ಭಾವನಿಗೆ ನಮಸ್ಕಾರ ತಿಳಿಸು. ಮಂಡಿ ನೋಡಿಕೋ, ಮೆಟ್ಟಿಲು ಹತ್ತಿಳಿಯುವುದನ್ನು ಕಡಿಮೆ ಮಾಡು.

ನಿನ್ನ,
ತಂಗಿ

ಮರೆತಿದ್ದು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಮೊದಲ ಸಲ ಕದ್ದದ್ದು ಯಾವಾಗ ಎಂದು ಕ್ಯಾಪ್ಟನ್ ಕೇಳಿದ್ದರು. ಈ ನೌಕೆಯಲ್ಲೇ ಎಂದೆ. ಸುಳ್ಳು. ಹೋದ ವರ್ಷ ಅಮ್ಮನ ಕೊನೆಯ ದಿನಗಳಲ್ಲಿ ನಾನು ರಜೆಯ ಮೇಲೆ ಮನೆಯಲ್ಲಿದ್ದೆನಲ್ಲ. ನೋವಿಗೆಂದು ಆಸ್ಪತ್ರೆಯವರು ಕೊಟ್ಟಿದ್ದ ಬಾಟಲಿಯಿಂದ ದಿನಾ ತೆಗೆದುಕೊಂಡು, ಅಷ್ಟೇ ನೀರು ಬೆರೆಸಿಡುತ್ತಿದ್ದವಳು ನಾನು. ಅಮ್ಮ "ಇನ್ನೊಂದು ಸ್ವಲ್ಪ ಕೊಡೇ" ಎಂದು ಬೇಡಿದಾಗ ನೀನು ರೇಗಿ "ಈಗ ತಾನೇ ಕೊಟ್ಟೆನಲ್ಲಮ್ಮ, ಎಷ್ಟೂಂತ ಹಟ ಮಾಡ್ತೀಯ?" ಎಂದಿದ್ದೆ. ಅದನ್ನೇ ನೆನೆದು ಇವತ್ತಿಗೂ ಅಳುತ್ತೀಯೆಂದು ಪುಟ್ಟಿ ಬರೆದಿದ್ದಾಳೆ. ಅಮ್ಮ ಹಟ ಮಾಡುತ್ತಿರಲಿಲ್ಲ ಅಕ್ಕ. ನೀನೂ ಅಳತೆ ತಪ್ಪಿರಲಿಲ್ಲ. ನೀನು ಚಮಚದಲ್ಲಿ ಕುಡಿಸಿದ್ದು ಮುಕ್ಕಾಲು ನೀರು. ಆಗ ನಾನು ಪಕ್ಕದ ಕೋಣೆಯಲ್ಲಿ ಹಾಯಾಗಿ ನಿದ್ದೆ ಮಾಡುತ್ತಿದ್ದೆ.