ಕೈ ಕೇಸ್

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಬಸ್ಸಿನಲ್ಲಿ ಸೀಟು ಸಿಕ್ಕಿದೆ. ಬರೆಯಬಹುದು.

ನಿನ್ನೆಯೂ ಅದೇ ರಾಗ. ಬಟನ್ ಒತ್ತಿದ ಮೇಲೆ ಗೇಮ್ ತಡವಾಗಿ ಓಡುತ್ತದೆ ಎಂಬ ಕಂಪ್ಲೇಂಟು. ಗೇಮ್ ಇರುವುದು ಎಲ್ಲೋ ದೂರದಲ್ಲಿ, ನಮ್ಮ ಸರ್ವರ್‌ನಲ್ಲಿ. ಮನೆಯಲ್ಲಿ ಬಟನ್ ಒತ್ತಿದರೆ ಅಲ್ಲಿ ಕಾರು ತಿರುಗಿ, ಅದರ ಚಿತ್ರ ವಾಪಸ್ ಟಿವಿಗೆ ಬರಬೇಕು. ಇದು ಆಗುವ ಮಾತಾ ಎಂದು ಮೂಗು ಮುರಿಯುವವರೇ ಎಲ್ಲ. ಆಗುತ್ತದೆ. ದಿನಾ ನೋಡುತ್ತೇನೆ.

ನನ್ನ ಕೆಲಸ ಅವರ ಇಂಟರ್ನೆಟ್ ಲೈನಿನ ಮೀಟರ್ ನೋಡುವುದು. ಕೆಂಪಿದ್ದರೆ ಕ್ಷಮೆ ಕೇಳುತ್ತೇನೆ. ಹಸಿರಿದ್ದರೆ 'ನಿಮ್ಮ ಲೈನ್ ಚೆನ್ನಾಗಿದೆ' ಎಂದು ಬರೆದು ಮುಚ್ಚುತ್ತೇನೆ. ಹಸಿರಿನವರಿಗೆ ಆಫೀಸಿನಲ್ಲಿ 'ಕೈ ಕೇಸ್' ಎಂದು ಹೆಸರು. ತೊಂದರೆ ಅವರ ಕೈಯದೇ ಅಂತ. ಹೆಸರಿಟ್ಟವಳು ನಾನೇ. ಟೀಮ್ ಲೀಡರ್ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮಾರ್ಚ್ 9, ಭಾನುವಾರ

ಅಪ್ಪನ ಹಳೆಯ ಗೇಮ್ ಡಬ್ಬಿಯನ್ನೂ ಹಳೆಯ ಟಿವಿಯನ್ನೂ ಚಿಕ್ಕಮ್ಮನ ಮನೆಗೆ ಸಾಗಹಾಕಿದೆ. ಹೊಸ ಟಿವಿ ಹಾಕಿ, ಅದರಲ್ಲಿ ನಮ್ಮ ಕಂಪನಿಯ ಆಪ್ ಹಾಕಿಕೊಟ್ಟೆ. ಇನ್ನು ಡಬ್ಬಿಯೂ ಬೇಡ, ಡಿಸ್ಕೂ ಬೇಡ. ಡಬ್ಬಿ ಇದ್ದ ಜಾಗದಲ್ಲಿ ಅಮ್ಮ ಆಗಲೇ ಹೂಕುಂಡ ಇಟ್ಟಾಗಿದೆ.

ಅಪ್ಪ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಒಂದೇ ಕಾರಿನ ಸ್ಕೂಲ್. ಹಗಲೆಲ್ಲ ಕಲಿಯುವವರ ಪಕ್ಕ ಜೀವ ಬಿಗಿಹಿಡಿದು ಕೂತು ಬಂದು, ಸಂಜೆ ಕಾರ್ ರೇಸ್ ಆಡುತ್ತಾರೆ. "ಇಲ್ಲಾದ್ರೂ ಸ್ಟೇರಿಂಗ್ ನನ್ನ ಕೈಲಿರಲಿ" ಅನ್ನುತ್ತಾರೆ.

ಮಾರ್ಚ್ 16, ಭಾನುವಾರ. ಸಂಜೆ

ಅಪ್ಪ ಒಂದೇ ತಿರುವಿನಲ್ಲಿ ಮತ್ತೆ ಮತ್ತೆ ಗೋಡೆಗೆ ಗುದ್ದುತ್ತಿದ್ದಾರೆ. ಹಳೆಯ ಡಬ್ಬಿಯಲ್ಲಿ ಕಣ್ಣು ಮುಚ್ಚಿ ತಿರುಗಿಸುತ್ತಿದ್ದ ತಿರುವು. ಚಿತ್ರ ತಡವಾಗಿ ಬರುತ್ತಿದೆಯಾ ನೋಡು ಎಂದು ನನ್ನನ್ನು ಕರೆದರು. ನಾನು ಫೋನಿನಲ್ಲಿ ಮುಳುಗಿದ್ದೆ. ತಲೆ ಎತ್ತಿ, ಪರದೆಯ ಮೂಲೆಯ ಮೀಟರ್ ನೋಡಿದೆ. ಅಷ್ಟೇ.

"ಹಸಿರೇ ಇದೆ ಅಪ್ಪಾ. ಲೈನ್ ಸೂಪರ್. ಇದು ಕೈ ಕೇಸ್."

ಹಾಗಂದರೇನು ಎಂದರು. ಹೇಳಿದೆ. ನಕ್ಕರು. ಅಮ್ಮನೂ ನಕ್ಕಳು. ಆಮೇಲೆ ಊಟಕ್ಕೆ ಕೂತಾಗ ಬೆರಳು ಮಡಚಿ, ಬಿಡಿಸಿ ನೋಡಿಕೊಳ್ಳುತ್ತಿದ್ದರು.

ಏಪ್ರಿಲ್ 3, ಗುರುವಾರ

ಆಫೀಸಿನಲ್ಲಿ ತಲೆ ಕೆರೆದುಕೊಳ್ಳಲೂ ಪುರಸೊತ್ತಿರಲಿಲ್ಲ. ಅದಕ್ಕೇ ಇಷ್ಟು ದಿನ ಬರೆದಿಲ್ಲ... ನೆಪ. ಮನೆಯಲ್ಲಿ ಏನಾಗುತ್ತಿದೆ ಎಂದು ಕಣ್ಣೆತ್ತಿಯೂ ನೋಡಿರಲಿಲ್ಲ.

ಸಂಜೆ ಬಂದರೆ ಸ್ಕೂಲಿನ ಕಾರು ಒರೆಸಿ ನಿಲ್ಲಿಸಿದೆ. ಮೇಲಿನ ಬೋರ್ಡು ಇಲ್ಲ. ಕಲಿಯುತ್ತಿದ್ದವರನ್ನೆಲ್ಲ ಅಪ್ಪ ಬೇರೆ ಸ್ಕೂಲಿಗೆ ಕಳಿಸಿದ್ದಾರಂತೆ. ಕಾರನ್ನೂ ಯಾರಿಗಾದರೂ ಕೊಟ್ಟುಬಿಡುವುದಂತೆ. ಇದನ್ನೆಲ್ಲ ಹೇಳುವಾಗ ಅಮ್ಮ ನನ್ನ ಮುಖ ನೋಡಲಿಲ್ಲ.

ಯಾಕೆ ಎಂದು ಅಪ್ಪನನ್ನು ಕೇಳಿದೆ.

"ಪಕ್ಕದ ಸೀಟಲ್ಲಿ ನನಗೊಂದು ಬ್ರೇಕ್ ಇರೋದು ಯಾಕೆ? ಕಲಿಯೋರು ತಡ ಮಾಡಿದ್ರೆ ನಾನು ಒತ್ಲಿ ಅಂತ. ನಾನೇ ತಡ ಮಾಡಿದ್ರೆ? ಕೈಗೆ ಬಂದಿದ್ದು ಕಾಲಿಗೆ ಬರೋಕೆ ಎಷ್ಟು ಹೊತ್ತು ಬೇಕು ಮರಿ. ನೀನು ಹೇಳಿದ್ದು ಒಳ್ಳೇದಾಯ್ತು."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ತಮಾಷೆಗೆ ಅಂದಿದ್ದು ಎನ್ನಬಹುದಿತ್ತು, ಆದರೆ ಅದು ಸುಳ್ಳಾಗುತ್ತಿತ್ತು. ಮೀಟರ್ ಹಸಿರಿತ್ತಲ್ಲ ಎಂಬುದು ನನ್ನ ತಲೆಯಲ್ಲೂ ಇತ್ತು. ಅಪ್ಪನಿಗೆ ವಯಸ್ಸಾಯಿತು ಎಂದು ನಾನೂ ನಂಬಿದ್ದೆ.

ಏಪ್ರಿಲ್ 6, ಭಾನುವಾರ. ಮಧ್ಯಾಹ್ನ

ಅಪ್ಪ ಮಲಗಿದ್ದಾರೆ. ನಾನು ಆಡಿದೆ. ಅದೇ ತಿರುವು. ಗೋಡೆ. ಮತ್ತೆ ಗೋಡೆ. ಮೀಟರ್ ಹಸಿರು.

ಲ್ಯಾಪ್‌ಟಾಪ್ ತಂದೆ. ಅದೇ ಲೈನು, ಅದೇ ಸರ್ವರ್, ಅದೇ ಗೇಮ್ — ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ತಿರುಗಿತು.

ಟಿವಿ. ಈ ಹೊಸ ಟಿವಿ ಬಂದ ಚಿತ್ರವನ್ನು ಬಂದ ಹಾಗೇ ತೋರಿಸುವುದಿಲ್ಲ. ನುಣುಪು ಮಾಡಿ, ಬಣ್ಣ ತುಂಬಿ, ಅಲಂಕಾರವೆಲ್ಲ ಮುಗಿದ ಮೇಲೆ ತೋರಿಸುತ್ತದೆ. ಸಿನಿಮಾಗೆ ಚೆಂದ, ಗೇಮಿಗೆ ತಡ. ನಮ್ಮ ಮೀಟರ್ ಅಳೆಯುವುದು ಸರ್ವರ್‌ನಿಂದ ಮನೆಯವರೆಗೆ. ಟಿವಿಯೊಳಗಿನ ತಡ ಅದರ ಲೆಕ್ಕಕ್ಕೇ ಬರುವುದಿಲ್ಲ. ಸೆಟಿಂಗ್ಸ್‌ನಲ್ಲಿ 'ಗೇಮ್ ಮೋಡ್' ಎಂದು ಒಂದು ಸ್ವಿಚ್ ಇದೆ. ಆಫ್ ಇತ್ತು. ಟಿವಿ ಹಾಕಿದವಳು ನಾನು.

ಲೈನ್ ಕೈ ಕೊಟ್ಟಿರಲಿಲ್ಲ. ಅಪ್ಪನ ಬೆರಳೂ ಕೈ ಕೊಟ್ಟಿರಲಿಲ್ಲ. ಕೈ ಕೊಟ್ಟವಳು ಮಗಳು.

ಇನ್ನು ಎಷ್ಟು ಮನೆಗಳಲ್ಲಿ ಎಷ್ಟು ಜನ ನನ್ನ ಉತ್ತರ ಓದಿ ಬೆರಳು ಮಡಚಿ ನೋಡಿಕೊಂಡರೋ.

ಅದೇ ದಿನ, ಸಂಜೆ

ಸ್ವಿಚ್ ಹಾಕಿ ಅಪ್ಪನನ್ನು ಕೂರಿಸಿದೆ. ಒಂದು ಕಡೆಯೂ ಗುದ್ದಲಿಲ್ಲ. ಟಿವಿಯ ಕಥೆಯೆಲ್ಲ ಹೇಳಿದೆ. ಮೀಟರ್ ಬಿಟ್ಟು ಬೇರೇನೂ ನೋಡದೆ ಮಾತಾಡಿದೆ, ತಪ್ಪು ನನ್ನದು ಎಂದೆ. ಅಳುವೇ ಬಂತು. ಅಪ್ಪ ಗೇಮಿನ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟರು.

"ನನಗೋಸ್ಕರ ಗೇಮ್ ಸುಲಭ ಮಾಡಿದೀಯ ಅಲ್ವಾ? ನಾನೂ ಹೆದರಿದೋರಿಗೆ ಹಾಗೇ ಮಾಡ್ತೀನಿ. ಬ್ರೇಕ್ ನಾನೇ ಒತ್ತಿ, ನೀವೇ ಒತ್ತಿದ್ದು ಅಂತೀನಿ."

ಆಣೆ ಮಾಡಿದರೂ ಕೇಳಲಿಲ್ಲ. ತಲೆ ಸವರಿ ಎದ್ದುಹೋದರು. ನಾನು ಫೋನಿನಿಂದ ತಲೆ ಎತ್ತಿ ಅಂದ ಒಂದು ಮಾತನ್ನು ನಂಬಿದವರು, ಅತ್ತುಕೊಂಡು ಹೇಳಿದ್ದನ್ನು ನಂಬಲಿಲ್ಲ.

ಏಪ್ರಿಲ್ 9, ಬುಧವಾರ

ಟೀಮ್ ಲೀಡರಿಗೆ ಹೇಳಿದೆ — ಲೈನ್ ಒಂದೇ ಸರಿಯಿದ್ದರೆ ಸಾಲದು, ಟಿವಿ ಯಾವುದು ಎಂದೂ ಕೇಳಬೇಕು. ಟಿವಿ ನಮ್ಮದಲ್ಲವಲ್ಲ ಎಂದರು. ಮುಚ್ಚಿದ ಕೇಸುಗಳನ್ನು ನಾನೇ ಒಂದೊಂದಾಗಿ ತೆರೆದು ಬರೆಯುತ್ತಿದ್ದೇನೆ. 'ಕೈ ಕೇಸ್' ಎಂದು ಯಾರಾದರೂ ನಕ್ಕರೆ ಮೈ ಉರಿಯುತ್ತದೆ.

ಮನೆಗೆ ಬಂದರೆ ಮೆಕ್ಯಾನಿಕ್ ಕಾರಿನೊಳಗೆ ಬಗ್ಗಿ ಏನೋ ಬಿಚ್ಚುತ್ತಿದ್ದ. ಏನೆಂದು ಕೇಳಲಿಲ್ಲ. ಕೇಳುವ ಮುಖ ಎಲ್ಲಿದೆ.

ಏಪ್ರಿಲ್ 13, ಭಾನುವಾರ. ಬೆಳಿಗ್ಗೆ, ಕಾರಿನಲ್ಲೇ

ಮೇಷ್ಟ್ರ ಮಗಳಿಗೆ ಡ್ರೈವಿಂಗ್ ಬರುವುದಿಲ್ಲ — ಇದು ಮನೆಯ ಹಳೆಯ ತಮಾಷೆ. ಇವತ್ತು ಕಲಿಸಿ ಎಂದು ಹಟ ಹಿಡಿದೆ. ಅಪ್ಪ ಆಗಲ್ಲ ಎಂದರು. ಅಮ್ಮ ಕಾರಿನ ಕೀ ತಂದು ಅವರ ಕೈಯಲ್ಲಿಟ್ಟಳು. ಹತ್ತಿರದ ಖಾಲಿ ಮೈದಾನಕ್ಕೆ ಬಂದೆವು. ನಾನು ಸ್ಟೇರಿಂಗ್‌ಗೆ, ಅಪ್ಪ ಪಕ್ಕಕ್ಕೆ.

ಒಂದು ಸುತ್ತು ಆಯಿತು. ಗೇರ್ ಬದಲಿಸಲು ಕೆಳಗೆ ನೋಡಿದೆ. ಪಕ್ಕದಲ್ಲಿ ದಡ್ ಎಂದು ಸದ್ದು. ಅಪ್ಪನ ಕಾಲು. ಆ ಸದ್ದಿಗೆ ಬೆಚ್ಚಿಬಿದ್ದು ನಾನೂ ಬ್ರೇಕ್ ಒತ್ತಿದೆ. ಆಮೇಲೆ ಕಂಡಿತು, ಮುಂದೆ ನಾಯಿ. ನಮ್ಮನ್ನು ಲೆಕ್ಕಕ್ಕೇ ಇಡದೆ ದಾಟಿಕೊಂಡು ಹೋಯಿತು.

ನನಗೋ ಖುಷಿ. ನೀವೇ ಮೊದಲು ಒತ್ತಿದ್ದು, ನಾನು ನಾಯೀನ ನೋಡೇ ಇರಲಿಲ್ಲ ಎಂದು ಒಂದೇ ಸಮ ಹೇಳುತ್ತಿದ್ದೆ. ಅಪ್ಪ ಕೆಳಗೆ ನೋಡುತ್ತಿದ್ದರು. ನಾನೂ ನೋಡಿದೆ.

ಕಾಲಿನ ಕೆಳಗೆ ಬರೀ ಮ್ಯಾಟು. ಪೆಡಲ್ ಇದ್ದ ಕಡೆ ಬೋಲ್ಟಿನ ತೂತುಗಳು. ಬುಧವಾರ ಮೆಕ್ಯಾನಿಕ್ ಬಿಚ್ಚಿದ್ದು ಅದನ್ನೇ.

"ಸರಿಯಾದ ಹೊತ್ತಿಗೇ ಒತ್ತಿದೆ ಅಲ್ವಾ?" ಎಂದರು ಅಪ್ಪ. ಕಾಲು ಇನ್ನೂ ಅಲ್ಲೇ ಇತ್ತು.

ಹೌದು ಅಪ್ಪಾ ಎಂದೆ.

ಈಗ ಹೊರಗೆ ನಿಂತು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಿದ್ದಾರೆ. ಕಿಟಕಿ ತೆರೆದಿದೆ, ಕೇಳಿಸುತ್ತಿದೆ. ಆ ಪೆಡಲ್ ಇನ್ನೂ ಇದೆಯಾ, ಯಾರಿಗಾದರೂ ಕೊಟ್ಟೆಯಾ ಎಂದು ಕೇಳುತ್ತಿದ್ದಾರೆ. ಆ ಕಡೆಯವನು ಏನೋ ಹೇಳುತ್ತಿದ್ದಾನೆ. "ಹಾಗಾದ್ರೆ ತಂದು ವಾಪಸ್ ಹಾಕು" ಎಂದರು ಅಪ್ಪ. ಈ ಕಡೆ ತಿರುಗಿ ನನ್ನನ್ನೇ ನೋ—